ಆಕಳ ರಿಪೋರ್ಟ್ ಪಾಸಿಟಿವ್ ಬಂತು, ಈಗೇನು ಮಾಡೋದು?

(ದೃಶ್ಯ: ಹಾವೇರಿ ಹತ್ತಿರದ ಒಂದು ಕೊಟ್ಟಿಗೆ)

ಈ ಆಕಳನ್ನು ನೋಡಿ. ಜೊಲ್ಲು ಸುರಿಸುತ್ತಿಲ್ಲ, ಗೊರಸಿನ ಸಂದಿಯಲ್ಲಿ ಹುಣ್ಣಿಲ್ಲ, ಮೇವು ಚೆನ್ನಾಗಿ ತಿನ್ನುತ್ತಿದೆ. ಆದರೂ ರಕ್ತದ ರಿಪೋರ್ಟಿನಲ್ಲಿ ಕಾಲುಬಾಯಿ ಬೇನೆ ಪಾಸಿಟಿವ್! ನಮ್ಮ ಕಾಕಾ ಗಾಬರಿಯಾಗಿ, ಮುಂದಿನ ಸಂತೆಗೇ ಹೊಡೆದುಕೊಂಡು ಹೋಗಿ ಮಾರಿಬಿಡುತ್ತೇನೆ ಅಂತ ಕೂತಿದ್ದರು. ಸ್ವಲ್ಪ ತಡೀರಿ ಕಾಕಾ ಅಂದೆ.

ಈ ಪರೀಕ್ಷೆ ವೈರಸ್ಸನ್ನು ಹುಡುಕುವುದೇ ಇಲ್ಲ. ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಎರೆಹೊಲದಲ್ಲಿ ಚಕ್ಕಡಿ ಹೋದ ಮೇಲೂ ಗಾಲಿ ಗುರುತು ಉಳಿಯುತ್ತದಲ್ಲ, ಹಾಗೆ. ಚಕ್ಕಡಿ ಯಾವತ್ತು ಹೋಯಿತು ಅಂತ ಒಂದೇ ಪರೀಕ್ಷೆ ಹೇಳಲಾರದು. ಈಗ ರೋಗ ಇದೆಯಾ ಅಂತ ತಿಳಿಯಬೇಕಾದರೆ ಬಾಯಿಯ ಗುಳ್ಳೆಯ ಸಿಪ್ಪೆ ತೆಗೆದು, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು.

(ದೃಶ್ಯ: ರಕ್ತದ ಟ್ಯೂಬ್)

ಕುತ್ತಿಗೆಯ ರಕ್ತನಾಳದಿಂದ ತೆಗೆದ ರಕ್ತವನ್ನು ಹೆಪ್ಪುಗಟ್ಟಲು ಬಿಡುತ್ತಾರೆ, ಆಗ ಬೇರೆಯಾಗುವ ತಿಳಿ ಹಳದಿ ನೀರೇ ಸೀರಂ. ಟ್ಯೂಬನ್ನು ಕುಲುಕಿದರೆ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ, ಸ್ಯಾಂಪಲ್ ಹಾಳು. ಲ್ಯಾಬಿನಲ್ಲಿ 96 ಗುಳಿಗಳ ಪ್ಲೇಟಿಗೆ ವೈರಸ್ಸಿನ ಪ್ರೋಟೀನ್ ಅಂಟಿಸಿ ಅದರ ಮೇಲೆ ಸೀರಂ ಹಾಕುತ್ತಾರೆ, ಪ್ರತಿಕಾಯ ಇದ್ದರೆ ಅಂಟಿಕೊಳ್ಳುತ್ತದೆ, ಅದು ಬಣ್ಣದಿಂದ ಗೊತ್ತಾಗುತ್ತದೆ. ಇದೇ ಎಲೈಜಾ.

ಆದರೆ ಲಸಿಕೆ ಹಾಕಿಸಿದ ದನದಲ್ಲೂ ಪ್ರತಿಕಾಯ ಇರುತ್ತದೆ ಅಲ್ವಾ? ಕಾಲುಬಾಯಿ ಬೇನೆಗೆ ಇದಕ್ಕೊಂದು ದಾರಿ ಇದೆ. ವೈರಸ್ ದೇಹದಲ್ಲಿ ಬೆಳೆಯುವಾಗ ಮಾತ್ರ ಕೆಲವು ಪ್ರೋಟೀನ್ ತಯಾರಾಗುತ್ತವೆ, ಅವಕ್ಕೆ ಎನ್‌ಎಸ್‌ಪಿ ಅನ್ನುತ್ತಾರೆ. ಲಸಿಕೆಯಲ್ಲಿರುವುದು ಸತ್ತ ವೈರಸ್, ಅದನ್ನು ಶುದ್ಧ ಮಾಡುವಾಗ ಈ ಪ್ರೋಟೀನ್ ತೆಗೆದಿರುತ್ತಾರೆ. ಹಾಗಾಗಿ ಎನ್‌ಎಸ್‌ಪಿ ಪಾಸಿಟಿವ್ ಅಂದರೆ ಹಿಂದೆ ಸೋಂಕು ತಗುಲಿತ್ತು ಅಂತ ಅನುಮಾನಿಸಬಹುದು. ಪದೇ ಪದೇ ಲಸಿಕೆ ಪಡೆದ ದನದಲ್ಲಿ ಒಮ್ಮೊಮ್ಮೆ ಇದೂ ತಪ್ಪುತ್ತದೆ, ಅದಕ್ಕೇ ಒಂದು ದನ ನೋಡಿ ತೀರ್ಮಾನಿಸದೆ ಇಡೀ ಕೊಟ್ಟಿಗೆ ನೋಡಬೇಕು.

ಕುರಿ, ಮೇಕೆಗಳ ಪಿಪಿಆರ್ ರೋಗದಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಬಳಕೆಯಲ್ಲಿರುವುದು ಜೀವಂತ ವೈರಸ್ಸಿನ ಲಸಿಕೆ, ಪ್ರತಿಕಾಯ ಲಸಿಕೆಯದ್ದೋ ರೋಗದ್ದೋ ಗೊತ್ತಾಗುವುದಿಲ್ಲ. ಲಸಿಕೆ ಹಾಕಿಸಿದ ತಾರೀಖು ನಿಮ್ಮ ಹತ್ತಿರ ಬರೆದಿಲ್ಲದಿದ್ದರೆ ಡಾಕ್ಟರಿಗೂ ರಿಪೋರ್ಟ್ ಓದುವುದು ಕಷ್ಟ. ದಯವಿಟ್ಟು ಬರೆದಿಡಿ, ಕ್ಯಾಲೆಂಡರಿನ ಮೇಲಾದರೂ ಸರಿ.

(ದೃಶ್ಯ: ಮತ್ತೆ ಕೊಟ್ಟಿಗೆ)

ಕಾಕಾ ಈ ಆಕಳನ್ನು ಸಂತೆಯಲ್ಲಿ ಕೊಂಡಿದ್ದು, ಹಿಂದಿನ ಮನೆಯಲ್ಲೇ ಬೇನೆ ಬಂದು ಹೋಗಿರಬಹುದು. ವಾಸಿಯಾದ ಕೆಲವು ದನಗಳ ಗಂಟಲಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುವುದೂ ಉಂಟು, ಅದಕ್ಕೇ ಡಾಕ್ಟರನ್ನು ಕೇಳದೆ ಸಂತೆಗೆ ಒಯ್ಯುವುದು ಬೇಡ ಅಂದೆ. ಪಕ್ಕದ ಎಳೆಗರುವಿನ ರಕ್ತವನ್ನೂ ಈಗಲೇ ಕೊಡೋಣವಾ ಅಂತ ಕೇಳಿದರು. ಬೇಡ, ತಾಯಿಯ ಗಿಣ್ಣದ ಹಾಲಿನಿಂದಲೇ ಅದಕ್ಕೂ ಪ್ರತಿಕಾಯ ಬಂದಿರುತ್ತದೆ, ಕೆಲವು ತಿಂಗಳು ಕಳೆಯಲಿ.