ಡಿಸೆಂಬರ್ 31ರ ಪಟ್ಟಿ: ಜಪಾನಿನಲ್ಲಿ ಕೊರಿಯಾದ ಹಾಡಿನ ತಂಡಗಳು

ಎಲ್ಲರಿಗೂ ನಮಸ್ಕಾರ.

ಜಪಾನಿನಲ್ಲಿ ವರ್ಷದ ಕೊನೆಯ ರಾತ್ರಿ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುವ ರೂಢಿ ಇದೆ. ನಮಗೆ ದೂರದರ್ಶನ ಇದ್ದ ಹಾಗೆ ಅವರಿಗೆ ಎನ್‌ಎಚ್‌ಕೆ. ಅದರಲ್ಲಿ ಡಿಸೆಂಬರ್ 31ರ ರಾತ್ರಿ 'ಕೊಹಾಕು ಉತಾ ಗಸ್ಸೆನ್' ಎಂಬ ಹಾಡಿನ ಕಾರ್ಯಕ್ರಮ ಬರುತ್ತದೆ. 1951ರಲ್ಲಿ ರೇಡಿಯೊದಲ್ಲಿ ಶುರುವಾದದ್ದು, ಇವತ್ತಿಗೂ ನಡೆದುಕೊಂಡು ಬಂದಿದೆ. ಹಾಡುಗಾರ್ತಿಯರದು ಕೆಂಪು ತಂಡ, ಹಾಡುಗಾರರದು ಬಿಳಿ ತಂಡ. ಈ ಸಲ ಯಾರಿಗೆ ಕರೆ ಬಂತು, ಯಾರಿಗೆ ಬರಲಿಲ್ಲ ಅನ್ನೋದೇ ಅಲ್ಲಿ ದೊಡ್ಡ ಸುದ್ದಿ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ನೋಡುವ ಕಾರ್ಯಕ್ರಮ ಅಲ್ವಾ, ಅಲ್ಲಿ ಹೆಸರು ಬಂದರೆ ನಾಡು ಒಪ್ಪಿಕೊಂಡಿತು ಅಂತಲೇ ಲೆಕ್ಕ.

ಆ ಪಟ್ಟಿಯಲ್ಲಿ ಕೊರಿಯಾದ ತಂಡಗಳ ಹೆಸರು ಹುಡುಕಿ ನೋಡಿ. 2011ರಲ್ಲಿ ಮೂರು ತಂಡ: ತೋಹೋಶಿಂಕಿ, ಕಾರಾ, ಗರ್ಲ್ಸ್ ಜನರೇಷನ್. 2012ರಲ್ಲಿ ಒಂದೂ ಇಲ್ಲ. 2013, 14, 15, 16, ಒಂದೂ ಇಲ್ಲ. 2017ರಲ್ಲಿ ಟ್ವೈಸ್ ಬಂತು. 2022ರಲ್ಲಿ ಟ್ವೈಸ್ ಜೊತೆಗೆ ಐವ್, ಲೆ ಸೆರಾಫಿಮ್ ಕೂಡ ಬಂದವು. ಒಂದೇ ವರ್ಷದಲ್ಲಿ ಮೂರರಿಂದ ಸೊನ್ನೆಗೆ ಇಳಿಯುವಷ್ಟು ಹಾಡು ಕೆಟ್ಟುಹೋಯಿತೇ? ಖಂಡಿತ ಇಲ್ಲ. ಹಾಗಾದರೆ ಆದದ್ದೇನು, ಆ ಐದು ವರ್ಷ ಈ ತಂಡಗಳನ್ನು ಉಳಿಸಿದವರು ಯಾರು ಅನ್ನೋದನ್ನೇ ನಾನು ಇವತ್ತು ಹೇಳಬೇಕು ಅಂತ ಬಂದಿರುವುದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕೊರಿಯಾದ ಬುಸಾನ್‌ನಿಂದ ಜಪಾನಿನ ಫುಕುವೊಕಾಗೆ ಸುಮಾರು 200 ಕಿಲೋಮೀಟರ್. ಬೆಂಗಳೂರಿಂದ ಚಿತ್ರದುರ್ಗಕ್ಕೆ ಹೋದಷ್ಟು. ಆದರೆ ನಡುವೆ ಬರೀ ಕಡಲಲ್ಲ, ಹಳೆಯ ನೋವೂ ಇದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಕೊನೆಕೊನೆಗೆ ಜನ ತಮ್ಮ ಹೆಸರನ್ನೇ ಜಪಾನೀ ಹೆಸರಾಗಿ ಬದಲಿಸಿಕೊಳ್ಳಬೇಕಾಯಿತು. ಸ್ವತಂತ್ರವಾದ ಮೇಲೆ ದಕ್ಷಿಣ ಕೊರಿಯಾ ಜಪಾನಿನ ಸಿನಿಮಾ, ಹಾಡು ಎಲ್ಲಕ್ಕೂ ಬಾಗಿಲು ಹಾಕಿತು. ಆ ಬಾಗಿಲು ತೆರೆಯತೊಡಗಿದ್ದು 1998ರಲ್ಲಿ, ಅಧ್ಯಕ್ಷ ಕಿಮ್ ಡೇ-ಜುಂಗ್ ಕಾಲದಲ್ಲಿ. ಜಪಾನೀ ಭಾಷೆಯ ಹಾಡಿನ ಸಿ.ಡಿ. ಕೊರಿಯಾದ ಅಂಗಡಿಗೆ ಬರಲು 2004ರ ಜನವರಿಯೇ ಆಗಬೇಕಾಯಿತು. ಇತ್ತ ಜಪಾನಿನಲ್ಲೇ ಹುಟ್ಟಿ ಬೆಳೆದ ಕೊರಿಯನ್ ಮೂಲದ ಎಷ್ಟೋ ಹಾಡುಗಾರರು ಜಪಾನೀ ಹೆಸರಿಟ್ಟುಕೊಂಡು, ಮೂಲ ಮುಚ್ಚಿಟ್ಟು ಹಾಡಿದರು.

ಇಂಥ ಕಡೆಗೆ 2001ರಲ್ಲಿ 14 ವರ್ಷದ ಒಬ್ಬ ಹುಡುಗಿ ಬಂದಳು. ಹೆಸರು ಬೋಆ. ಹೆಸರು ಮುಚ್ಚಿಡಲಿಲ್ಲ, ಊರು ಮುಚ್ಚಿಡಲಿಲ್ಲ. ಆದರೆ ಜಪಾನೀ ಭಾಷೆ ಕಲಿತು ಬಂದಳು, ಜಪಾನೀಯಲ್ಲೇ ಹಾಡಿದಳು. 2002ರ ಮಾರ್ಚ್‌ನಲ್ಲಿ ಅವಳ ಮೊದಲ ಜಪಾನೀ ಆಲ್ಬಂ ಅಲ್ಲಿನ ಮಾರಾಟದ ಲೆಕ್ಕ ಹೇಳುವ ಓರಿಕಾನ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಕೊರಿಯಾದ ಯಾರಿಗೂ ಅದುವರೆಗೆ ಆಗದ ಕೆಲಸ ಅದು. 2002ರಿಂದ 2007ರವರೆಗೆ ಆರು ವರ್ಷ ಸತತವಾಗಿ ಕೊಹಾಕು ಪಟ್ಟಿಯಲ್ಲಿದ್ದಳು.

ಅವಳ ಕಂಪನಿಗೆ ಜಪಾನ್ ಯಾಕೆ ಬೇಕಿತ್ತು? ಹೊಟ್ಟೆಪಾಡಿನ ಪ್ರಶ್ನೆ. ಕೊರಿಯಾದಲ್ಲಿ ಸುಮಾರು ಐದು ಕೋಟಿ ಜನ. ಆ ಹೊತ್ತಿಗೆ ಮನೆಮನೆಗೂ ವೇಗದ ಇಂಟರ್ನೆಟ್ ಬಂದು, ಹಾಡೆಲ್ಲ ಪುಕ್ಕಟೆ ಸಿಗುವಂತಾಗಿ, ಸಿ.ಡಿ. ಮಾರಾಟ ನೆಲಕಚ್ಚಿತ್ತು. ಪಕ್ಕದ ಜಪಾನಿನಲ್ಲಿ ಹನ್ನೆರಡು ಕೋಟಿಗೂ ಜಾಸ್ತಿ ಜನ, ಅಮೆರಿಕ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಸಂಗೀತ ಮಾರುಕಟ್ಟೆ. ಅಲ್ಲಿನ ಅಭಿಮಾನಿ ಇವತ್ತಿಗೂ ಸಿ.ಡಿ. ಕೊಳ್ಳುತ್ತಾನೆ. ಸುಮ್ನೆ ಇಷ್ಟಪಟ್ಟು ಬಿಡುವುದಿಲ್ಲ, ವರ್ಷವರ್ಷ ದುಡ್ಡು ಕಟ್ಟಿ ಅಭಿಮಾನಿ ಸಂಘದ ಸದಸ್ಯನಾಗುತ್ತಾನೆ. ಕಛೇರಿಯ ಟಿಕೆಟಿಗೆ ಲಾಟರಿ ಎತ್ತುವಾಗ ಸದಸ್ಯರದೇ ಮೊದಲ ಸರದಿ. ಈ ಸಂಘದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೋಆ ತೋರಿದ ದಾರಿಯಲ್ಲೇ 2005ರಲ್ಲಿ ಐದು ಹುಡುಗರ ತಂಡ ಬಂತು. ಕೊರಿಯಾದಲ್ಲಿ ಅವರು ಆಗಲೇ ದೊಡ್ಡ ತಾರೆಯರು. ತಮ್ಮ ಹೆಸರಿನ ನಾಲ್ಕು ಚೀನೀ ಅಕ್ಷರಗಳನ್ನು ಜಪಾನೀ ರೀತಿಯಲ್ಲಿ ಓದಿಸಿ 'ತೋಹೋಶಿಂಕಿ' ಆದರು. ಚಿಕ್ಕ ವೇದಿಕೆಗಳಿಂದ ಮತ್ತೆ ಆರಂಭ. ಒಂದನೇ ಸ್ಥಾನದ ಹಾಡು ಸಿಕ್ಕಿದ್ದು 2008ರ ಜನವರಿಯಲ್ಲಿ. ಹೆಚ್ಚುಕಡಿಮೆ ಮೂರು ವರ್ಷ ಕಾದರು. ಊರಲ್ಲಿ ರಾಜನಾಗಿದ್ದವನು ಪಕ್ಕದೂರಲ್ಲಿ ಹೊಸಬನಾಗಿ ನಿಂತು ಹಾಡುವುದು ಸಣ್ಣ ಮಾತಲ್ಲ. ನನಗೆ ಈ ತಂಡದ ಮೇಲೆ ಗೌರವ ಹುಟ್ಟಿದ್ದು ಇಲ್ಲಿಯೇ. 2009ರ ಜುಲೈನಲ್ಲಿ ಟೋಕಿಯೊ ಡೋಮ್ ಎಂಬ ದೊಡ್ಡ ಕ್ರೀಡಾಂಗಣ ತುಂಬಿಸಿದರು. ಅದೇ ತಿಂಗಳು ಮೂವರು ಕಂಪನಿಯ ವಿರುದ್ಧ ಕೋರ್ಟಿಗೆ ಹೋದರು, ತಂಡ ಒಡೆಯಿತು. 2011ರಲ್ಲಿ ಉಳಿದ ಇಬ್ಬರೇ, ಯುನ್ಹೊ ಮತ್ತು ಚಾಂಗ್‌ಮಿನ್, ಮತ್ತೆ ವೇದಿಕೆ ಹತ್ತಿದರು.

2010ರಲ್ಲಿ ಹುಡುಗಿಯರ ಸರದಿ. ಕಾರಾ ಮತ್ತು ಗರ್ಲ್ಸ್ ಜನರೇಷನ್ ಒಂದು ತಿಂಗಳ ಅಂತರದಲ್ಲಿ ಜಪಾನಿಗೆ ಬಂದವು. ಸೊಂಟ ತಿರುಗಿಸುವ ಕಾರಾದ ಕುಣಿತವನ್ನು ಟಿವಿಯಲ್ಲಿ ಯಾರ್‍ಯಾರೋ ಕುಣಿದು ತೋರಿಸಿದರು. ಹೀಗೆ ಬಂತು 2011ರ ಆ ಪಟ್ಟಿ, ಮೂರು ಹೆಸರಿನದು.

2012ರ ಆಗಸ್ಟ್ 10. ಎರಡೂ ದೇಶಗಳು ನಮ್ಮದು ಅನ್ನುವ ಕೆಲವು ಬಂಡೆ ದ್ವೀಪಗಳಿವೆ. ಕೊರಿಯನ್ನರು ದೋಕ್ದೊ ಅನ್ನುತ್ತಾರೆ, ಜಪಾನೀಯರು ತಾಕೆಶಿಮಾ. ಅಂದು ಕೊರಿಯಾದ ಅಧ್ಯಕ್ಷ ಲೀ ಮ್ಯುಂಗ್-ಬಾಕ್ ಅಲ್ಲಿಗೆ ಹೋಗಿ ಇಳಿದರು. ಜಪಾನ್ ಕೆರಳಿತು. ಆ ವರ್ಷದ ಕೊಹಾಕು ಪಟ್ಟಿಯಲ್ಲಿ ಕೊರಿಯಾದ ಒಂದು ಹೆಸರೂ ಇರಲಿಲ್ಲ. ಕಾನೂನು ಮಾಡಿ ಯಾರೂ ತಡೆಯಲಿಲ್ಲ, ಸುಮ್ನೆ ಹೆಸರು ಬರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಹಾಗೆ. ಕಾವೇರಿ ಗಲಾಟೆ ಎದ್ದಾಗ ನಮ್ಮ ಚಿತ್ರಮಂದಿರಗಳಲ್ಲಿ ತಮಿಳು ಸಿನಿಮಾ ನಿಂತದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೋಕಿಯೊದ ಶಿನ್-ಓಕುಬೊ ಅನ್ನುವ ಬಡಾವಣೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಕೊರಿಯನ್ ಊಟದ ಹೋಟೆಲು, ಹಾಡುಗಾರರ ಫೋಟೊ ಮಾರುವ ಅಂಗಡಿಗಳ ಬೀದಿ ಅದು. ಅಲ್ಲಿನ ರೈಲು ನಿಲ್ದಾಣದಲ್ಲಿ 2001ರ ಜನವರಿ 26ರಂದು ಒಬ್ಬ ಮನುಷ್ಯ ಹಳಿಯ ಮೇಲೆ ಬಿದ್ದ. ಅವನನ್ನು ಎತ್ತಲು ಇಬ್ಬರು ಕೆಳಗೆ ಹಾರಿದರು. ಒಬ್ಬ ಲೀ ಸೂ-ಹ್ಯುನ್, ಜಪಾನೀ ಕಲಿಯಲು ಬಂದಿದ್ದ 26 ವರ್ಷದ ಕೊರಿಯನ್ ಹುಡುಗ. ಇನ್ನೊಬ್ಬ ಜಪಾನೀ ಛಾಯಾಗ್ರಾಹಕ. ರೈಲು ಬಂತು. ಮೂವರೂ ತೀರಿಕೊಂಡರು. ಆ ಇಬ್ಬರ ನೆನಪಿಗೆ ನಿಲ್ದಾಣದಲ್ಲಿ ಜಪಾನೀ, ಕೊರಿಯನ್ ಎರಡೂ ಭಾಷೆಯಲ್ಲಿ ಬರೆದ ಫಲಕ ಇದೆ. 2013ರಲ್ಲಿ ಅದೇ ನಿಲ್ದಾಣದ ಹೊರಗಿನ ಬೀದಿಯಲ್ಲಿ ಮೆರವಣಿಗೆಗಳು ಬಂದವು. ಕೊರಿಯನ್ನರು ತೊಲಗಲಿ, ಸಾಯಲಿ ಎಂಬ ಕೂಗು. ಅವರನ್ನು ತಡೆಯಲು ಎದುರಿಗೆ ಫಲಕ ಹಿಡಿದು ನಿಂತವರೂ ಜಪಾನೀಯರೇ. ದ್ವೇಷದ ಮಾತಿನ ವಿರುದ್ಧ ಕಾನೂನು ಬಂದದ್ದು 2016ರಲ್ಲಿ. ಅಷ್ಟರಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ಹಾಕಿದ್ದವು.

ಈಗ ಆ ಸಂಘದ ಮಾತಿಗೆ ಬರೋಣ. 2012ರ ಡಿಸೆಂಬರ್ 31ರಂದು ಕಾರಾ ಟಿವಿಯಲ್ಲಿ ಇರಲಿಲ್ಲ. ಆರೇ ದಿನ ಕಳೆದು, 2013ರ ಜನವರಿ 6ಕ್ಕೆ, ಅದೇ ಕಾರಾ ಟೋಕಿಯೊ ಡೋಮ್‌ನಲ್ಲಿ ಹಾಡಿತು. ಕೊರಿಯಾದ ಹುಡುಗಿಯರ ತಂಡವೊಂದು ಅಲ್ಲಿ ಹಾಡಿದ್ದು ಅದೇ ಮೊದಲು. ಸುಮಾರು 45,000 ಜನ ಸೇರಿದ್ದರು. ಆ ಆಗಸ್ಟ್‌ನಲ್ಲಿ ತೋಹೋಶಿಂಕಿಯ ಇಬ್ಬರು ಯೊಕೊಹಾಮಾದ ನಿಸ್ಸಾನ್ ಕ್ರೀಡಾಂಗಣದಲ್ಲಿ ಎರಡು ದಿನ ಹಾಡಿದರು. ಕೊರಿಯಾದ ಇನ್ನೊಂದು ಹುಡುಗರ ತಂಡ ಬಿಗ್‌ಬ್ಯಾಂಗ್ ಆರು ಡೋಮ್‌ಗಳನ್ನು ಸುತ್ತಿತು. ಟಿವಿ ಕೈಬಿಟ್ಟ ವರ್ಷಗಳಲ್ಲೇ ಇದೆಲ್ಲ ಆದದ್ದು. ಟಿವಿಗೆ ದೂರಿನ ಭಯ. ಟಿಕೆಟ್ ಕೊಂಡ ಹೆಂಗಸಿಗೆ ಅದಾವುದೂ ಇಲ್ಲ. ಸಂಘದ ಚಂದಾ ಕಟ್ಟಿದ್ದಾಳೆ, ರಜೆ ಹಾಕಿದ್ದಾಳೆ, ಚೀಲದಲ್ಲಿ ತಂಡದ ಬಣ್ಣದ ದೀಪದ ಕಡ್ಡಿ ಇಟ್ಟುಕೊಂಡಿದ್ದಾಳೆ. ಅವಳು ಬಂದೇ ಬರುತ್ತಾಳೆ. ಯುನ್ಹೊ, ಚಾಂಗ್‌ಮಿನ್ 2015ರಲ್ಲಿ ಕಡ್ಡಾಯ ಸೇನಾ ಸೇವೆಗೆ ಹೋದರು. ಮರಳಿದ ಮೇಲೆ 2018ರ ಜೂನ್‌ನಲ್ಲಿ ಅದೇ ನಿಸ್ಸಾನ್ ಕ್ರೀಡಾಂಗಣದಲ್ಲಿ ಸತತ ಮೂರು ದಿನ ಹಾಡಿದರು. ಜಪಾನಿನ ತಂಡಗಳೂ ಅಲ್ಲಿ ಅದುವರೆಗೆ ಹಾಗೆ ಹಾಡಿರಲಿಲ್ಲ.

ಕಾರಾದ ಗೂ ಹಾರಾಳ ಹೆಸರನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 2019ರ ನವೆಂಬರ್‌ನಲ್ಲಿ ಅವಳು ಜಪಾನಿನ ನಾಲ್ಕು ಊರುಗಳಲ್ಲಿ ಒಬ್ಬಳೇ ಹಾಡಿದಳು. ಅದೇ ತಿಂಗಳು ತೀರಿಕೊಂಡಳು. ಅವಳ ಕೊನೆಯ ಕಛೇರಿಗಳನ್ನು ಕೇಳಿದವರು ಜಪಾನಿನ ಅಭಿಮಾನಿಗಳು.

ಟಿವಿಯ ಬಾಗಿಲು ಮತ್ತೆ ತೆರೆದದ್ದು ಟ್ವೈಸ್‌ನಿಂದ. ಒಂಬತ್ತು ಹುಡುಗಿಯರಲ್ಲಿ ಮೋಮೋ, ಸಾನಾ, ಮೀನಾ, ಮೂವರು ಜಪಾನೀಯರು. 2017ರ ಜೂನ್‌ನಲ್ಲಿ ಅವರು ಜಪಾನಿಗೆ ಬರುವ ಮೊದಲೇ ಅಲ್ಲಿನ ಶಾಲಾ ಹುಡುಗಿಯರು ಎರಡೂ ಕೈಯ ಹೆಬ್ಬೆರಳು ತೋರುಬೆರಳು ಚಾಚಿ, ಕಣ್ಣಿನ ಕೆಳಗಿಟ್ಟು, ಅಳುವ ಮುಖದ ಹಾಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಟ್ವೈಸ್ ಹಾಡಿನ ಕೈಸನ್ನೆ ಅದು. ಆ ಮಕ್ಕಳು ಹಾಡನ್ನು ಫೋನಿನಲ್ಲೇ ಹುಡುಕಿಕೊಂಡಿದ್ದರು. ಶಿನ್-ಓಕುಬೊದಲ್ಲಿ ಮತ್ತೆ ಕಾಲಿಡಲು ಜಾಗ ಇಲ್ಲದಷ್ಟು ಜನ. ಈ ಸಲ ಬಂದವರು ಚೀಸ್ ಹಾಕಿದ ಕೋಳಿ ಪಲ್ಯಕ್ಕೆ ಸಾಲು ನಿಂತ ಹದಿನೈದು ಹದಿನಾರರ ಹುಡುಗಿಯರು.

ಜಗಳ ಮುಗಿಯಿತು ಅಂತಲ್ಲ. 2018ರ ನವೆಂಬರ್‌ನಲ್ಲಿ ಕೊರಿಯಾದ ಬಿಟಿಎಸ್ ತಂಡದ ಒಬ್ಬ ಹುಡುಗ ಹಿಂದೊಮ್ಮೆ ಹಾಕಿದ್ದ ಅಂಗಿಯ ಮೇಲೆ ಅಣುಬಾಂಬಿನ ಮೋಡದ ಚಿತ್ರ ಇತ್ತೆಂದು ಗಲಾಟೆ ಎದ್ದು, ಒಂದು ಟಿವಿ ವಾಹಿನಿ ಹಿಂದಿನ ದಿನ ಅವರ ಕಾರ್ಯಕ್ರಮ ರದ್ದು ಮಾಡಿತು. ಆ ಅಂಗಿ ತಪ್ಪು, ನಾನದನ್ನು ಸಮರ್ಥಿಸುವುದಿಲ್ಲ. ಹಿರೋಶಿಮಾ, ನಾಗಾಸಾಕಿಗಳಲ್ಲಿ ಸುಟ್ಟುಹೋದವರಲ್ಲಿ ಸಾವಿರಾರು ಕೊರಿಯನ್ನರೂ ಇದ್ದರು. ತಂಡದ ಕಂಪನಿಯು ಬಾಂಬಿನಿಂದ ಬದುಕುಳಿದವರ ಕ್ಷಮೆ ಕೇಳಿತು, ಅದು ಸರಿಯಾದ ಕೆಲಸ. ಕೆಲವೇ ದಿನಗಳಲ್ಲಿ ಟೋಕಿಯೊ ಡೋಮ್ ಕಛೇರಿ ಮಾತ್ರ ನಿಗದಿಯಾದ ದಿನವೇ ನಡೆಯಿತು, ತುಂಬಿತ್ತು.

ಚೀನಾದ ಮಾತನ್ನು ಒಂದೆರಡು ಸಾಲಲ್ಲಿ ಹೇಳಿಬಿಡುತ್ತೇನೆ. ಅಲ್ಲೂ ಕೊರಿಯಾದ ತಂಡಗಳು ಮೆರೆದವು. 2000ದಲ್ಲಿ ಎಚ್‌ಒಟಿ ಎಂಬ ತಂಡ ಬೀಜಿಂಗ್‌ನಲ್ಲಿ ಹಾಡಿತ್ತು. 2016ರಲ್ಲಿ ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆ ಕೊರಿಯಾಕ್ಕೆ ಬರುತ್ತದೆ ಅಂದದ್ದೇ ತಡ, ಚೀನಾ ಸಿಟ್ಟಾಯಿತು; ಟಿವಿ, ಕಛೇರಿ ಎಲ್ಲ ಒಟ್ಟಿಗೆ ನಿಂತವು. ಜಪಾನಿನಲ್ಲಿ ಟಿವಿ ಮುಚ್ಚಿದರೂ ಕ್ರೀಡಾಂಗಣ ತೆರೆದೇ ಇತ್ತು. ಚೀನಾದಲ್ಲಿ ಕ್ರೀಡಾಂಗಣದ ಬೀಗವೂ ಸರ್ಕಾರದ ಕೈಯಲ್ಲೇ.

ಈಚೆಗೆ ಯಾವ ತಂಡ ಯಾವ ದೇಶದ್ದು ಅಂತ ಹೇಳುವುದೇ ಕಷ್ಟವಾಗಿದೆ. 2020ರ ನಿಜಿಯೂ ತಂಡವನ್ನು ಕಟ್ಟಿದ್ದು ಟ್ವೈಸ್ ಕಟ್ಟಿದ ಕೊರಿಯನ್ ಕಂಪನಿ, ಜಪಾನಿನ ಸೋನಿ ಜೊತೆ ಸೇರಿ. ಹಾಡುವವರು ಜಪಾನಿನ ಹುಡುಗಿಯರು, ಹಾಡು ಜಪಾನೀ, ತರಬೇತಿ ಕೊರಿಯಾದ್ದು. ಅದೂ ಕೊಹಾಕು ಪಟ್ಟಿಗೆ ಬಂತು.

ಕೊನೆಯದಾಗಿ ಒಂದು ವಿಡಿಯೊ. 2024ರ ಜೂನ್, ಟೋಕಿಯೊ ಡೋಮ್, ನ್ಯೂಜೀನ್ಸ್ ತಂಡ. ಹಾನಿ ಅನ್ನುವ ಹುಡುಗಿ ಒಬ್ಬಳೇ ವೇದಿಕೆಗೆ ಬರುತ್ತಾಳೆ. ಆಸ್ಟ್ರೇಲಿಯಾದಲ್ಲಿ ಬೆಳೆದ ವಿಯೆಟ್ನಾಂ ಮೂಲದವಳು, ಹಾಡುವುದು ಕೊರಿಯಾದ ತಂಡದಲ್ಲಿ. ಪಟ್ಟೆ ಅಂಗಿ, ಬಿಳಿ ಲಂಗ. ಅವಳು ಎತ್ತಿಕೊಳ್ಳುವುದು 1980ರಲ್ಲಿ ಸೇಕೊ ಮತ್ಸುದಾ ಹಾಡಿದ ಜಪಾನೀ ಹಾಡು. ಅವಳು ಹುಟ್ಟುವುದಕ್ಕೆ ಇಪ್ಪತ್ತು ವರ್ಷಕ್ಕೂ ಹಿಂದಿನದು. ಅದು ಬಂದಾಗ ಕಾಲೇಜಿನಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಮೊದಲ ಸಾಲು ಹೊರಟ ಕೂಡಲೇ ಏಳುವ ಕೂಗನ್ನು ಗಮನಿಸಿ ಕೇಳಿ, ಹೆಣ್ಣುಮಕ್ಕಳ ದನಿಯ ಜೊತೆಗೆ ಗಂಡಸರ ದಪ್ಪ ದನಿಯೂ ಇದೆ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಹಿಂದಿನ ಸಾಲಿನವರು ಸ್ವಲ್ಪ ಆ ದೀಪ ಆರಿಸುತ್ತೀರಾ? ಹಾಕುತ್ತೇನೆ.