ಕಿಣ್ವ, ಪಿಎಚ್ ಮತ್ತು ಅಯೋಡಿನ್ನಿನ ಸುಳ್ಳು

ಎಲ್ಲರಿಗೂ ನಮಸ್ಕಾರ. ಪಿಷ್ಟದ ದ್ರಾವಣ, ಪಿಷ್ಟವನ್ನು ತುಂಡರಿಸುವ ಕಿಣ್ವವಾದ ಅಮೈಲೇಸ್, ಪಿಷ್ಟ ಸಿಕ್ಕರೆ ನೀಲಿಯಾಗುವ ಅಯೋಡಿನ್, ಕೊನೆಗೆ ಪಿಎಚ್ ಬದಲಾದಂತೆ ಕಿಣ್ವದ ವೇಗ ಗುಡ್ಡದಂತೆ ಏರಿ ಇಳಿಯುವ ಒಂದು ನಕ್ಷೆ. ಈ ಪ್ರಯೋಗ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆ ಗುಡ್ಡ ಎಲ್ಲಿ ಏಳಬೇಕೆಂದು ಪುಸ್ತಕ ಮೊದಲೇ ಹೇಳಿಬಿಟ್ಟಿರುತ್ತದೆ. ಹಾಗಾಗಿ ನಕ್ಷೆ ಪುಸ್ತಕದಂತೆ ಬಂತೆಂದರೆ ಪ್ರಯೋಗವೂ ಸರಿಯಾಯಿತು ಅಂದುಕೊಂಡು ಎದ್ದುಬಿಡುತ್ತೇವೆ. ನನ್ನ ತಕರಾರು ಇರುವುದು ಅಲ್ಲೇ.

ದ್ರಾವಣ ಎಷ್ಟು ಆಮ್ಲೀಯ ಎಂದು ಹೇಳುವ ಪಿಎಚ್ ಅಳತೆ ಹುಟ್ಟಿದ್ದೇ ಕಿಣ್ವಗಳ ಅಧ್ಯಯನದಿಂದ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್ಸನ್, ಕಿಣ್ವದ ಕೆಲಸದಲ್ಲಿ ಹೈಡ್ರೊಜನ್ ಅಯಾನುಗಳ ಪಾತ್ರವೇನೆಂದು ನೋಡುವಾಗ ಈ ಮಾನವನ್ನು ರೂಪಿಸಿದರು. ಪಿಎಚ್ ಒಂದು ಅಂಕಿ ಇಳಿದರೆ ಆ ಅಯಾನುಗಳ ಸಾರತೆ ಹತ್ತು ಪಟ್ಟು ಏರುತ್ತದೆ. 7ರಿಂದ 4ಕ್ಕೆ ಇಳಿದರೆ ಸಾವಿರ ಪಟ್ಟು. ಕಿಣ್ವದ ಸಕ್ರಿಯ ತಾಣದಲ್ಲಿ, ಅಂದರೆ ಕೆಲಸ ನಡೆಯುವ ಜಾಗದಲ್ಲಿ, ಇರುವ ಅಮೈನೋ ಆಮ್ಲಗಳು ಈ ಅಯಾನುಗಳನ್ನು ಹಿಡಿಯುತ್ತವೆ, ಬಿಡುತ್ತವೆ. ಅದರಂತೆ ಅವುಗಳ ವಿದ್ಯುದಾವೇಶ ಬದಲಾಗುತ್ತದೆ. ಆವೇಶ ಬದಲಾದರೆ ಪಿಷ್ಟ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಕೂತರೂ ತುಂಡಾಗುವುದಿಲ್ಲ. ಜೊಲ್ಲಿನ ಅಮೈಲೇಸ್ 7ರ ಆಸುಪಾಸಿನಲ್ಲಿ, ಪ್ರೋಟೀನು ಜೀರ್ಣಿಸುವ ಕಿಣ್ವಗಳಲ್ಲಿ ಜಠರದ ಪೆಪ್ಸಿನ್ 2ರ ಹತ್ತಿರ, ಸಣ್ಣಕರುಳಿನ ಟ್ರಿಪ್ಸಿನ್ ಸುಮಾರು 8ರಲ್ಲಿ ಚುರುಕು.

ಇನ್ನು ಮೇಜಿನ ಹತ್ತಿರ ಬನ್ನಿ. ಬೇರೆ ಬೇರೆ ಪಿಎಚ್‌ನ ಬಫರ್ ದ್ರಾವಣಗಳಿರುವ (ಪಿಎಚ್ ಸುಲಭವಾಗಿ ಬದಲಾಗದಂತೆ ಹಿಡಿದಿಡುವ ದ್ರಾವಣಗಳಿರುವ) ಪ್ರನಾಳಗಳು 37 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ನಿಂತಿವೆ. ಪಿಷ್ಟ ಮತ್ತು ಕಿಣ್ವ ಸೇರಿಸಿ, 30 ಸೆಕೆಂಡಿಗೊಮ್ಮೆ ಒಂದು ಹನಿಯನ್ನು ಬಿಳಿ ತಟ್ಟೆಯ ಗುಳಿಯಲ್ಲಿರುವ ಅಯೋಡಿನ್ನಿಗೆ ಬಿಡುತ್ತೀರಿ. ಮೊದಲು ಕಡು ನೀಲಿ, ಆಮೇಲೆ ಕೆಂಪು ಬೆರೆತ ಕಂದು, ಕೊನೆಗೆ ಅಯೋಡಿನ್ನಿನದೇ ಹಳದಿ. ಹಳದಿ ಉಳಿದರೆ ಪಿಷ್ಟ ಮುಗಿಯಿತು ಎಂದು ಲೆಕ್ಕ.

ಆದರೆ ಗಾಢ ಪ್ರತ್ಯಾಮ್ಲೀಯ ದ್ರಾವಣದಲ್ಲಿ ಅಯೋಡಿನ್ ತಾನೇ ಪ್ರತಿಕ್ರಿಯಿಸಿ ಬಣ್ಣ ಕಳೆದುಕೊಳ್ಳುತ್ತದೆ. ಪಿಷ್ಟ ಹಾಗೇ ಇದ್ದರೂ ನೀಲಿ ಕಾಣುವುದಿಲ್ಲ. ಮಂಕಾಗಿ ಕೂತಿರುವ ಕಿಣ್ವ ಬಹಳ ಚುರುಕಾಗಿದೆ ಎಂದು ತಟ್ಟೆ ಸಾಕ್ಷಿ ಹೇಳುತ್ತದೆ! ಆದ್ದರಿಂದ ಪ್ರತಿಯೊಂದು ಪಿಎಚ್‌ಗೂ ಕಿಣ್ವವಿಲ್ಲದ, ಅಥವಾ ಕುದಿಸಿ ಕೆಡಿಸಿದ ಕಿಣ್ವ ಹಾಕಿದ, ಹೋಲಿಕೆಗೆಂದೇ ಇಟ್ಟ ಇನ್ನೊಂದು ಪ್ರನಾಳ ಇರಲೇಬೇಕು. ಎಲ್ಲಕ್ಕೂ ಸೇರಿ ಒಂದೇ ಸಾಕು ಎನ್ನುವವರ ಮಾತು ಕೇಳಬೇಡಿ. ಗುಳಿಯಲ್ಲಿ ಮೊದಲೇ ಸ್ವಲ್ಪ ದುರ್ಬಲಗೊಳಿಸಿದ ಆಮ್ಲ ಇಟ್ಟರೆ ಇನ್ನೂ ಒಳ್ಳೆಯದು: ಪ್ರತ್ಯಾಮ್ಲ ತಟಸ್ಥವಾಗುತ್ತದೆ, ಹನಿಯಲ್ಲಿರುವ ಕಿಣ್ವವೂ ಅಲ್ಲೇ ನಿಲ್ಲುತ್ತದೆ.

ಎರಡನೆಯ ಮೋಸ ಗಡಿಯಾರದ್ದು. 30 ಸೆಕೆಂಡಿಗೊಮ್ಮೆ ನೋಡಿ '60 ಸೆಕೆಂಡು' ಎಂದು ಬರೆದರೆ, ಪಿಷ್ಟ ಮುಗಿದದ್ದು 30 ಮತ್ತು 60ರ ನಡುವೆ ಎಲ್ಲೋ ಎಂದಷ್ಟೇ ಅರ್ಥ. ಪಿಎಚ್ 6 ಮತ್ತು 7 ಎರಡರಲ್ಲೂ 60 ಬಂದರೆ ಯಾವುದು ಮುಂದೆ ಎಂದು ಹೇಳಲಾಗದು. ಕಿಣ್ವವನ್ನು ಇನ್ನಷ್ಟು ತೆಳುಮಾಡಿ, ಕೆಲಸ ನಿಧಾನವಾಗಲಿ. ಆಗ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಹತ್ತು ನಿಮಿಷವಾದರೂ ನೀಲಿ ಹೋಗದಿದ್ದರೆ ವೇಗ ಸೊನ್ನೆ ಎಂದು ಬರೆಯಬೇಡಿ. 'ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ' ಎಂದು ಬರೆಯಿರಿ.

ಸಮಯ ಉಳಿದರೆ ಇನ್ನೊಂದು ಮಾಡಿ ನೋಡಿ. ನನಗೆ ಇದೇ ಹೆಚ್ಚು ಇಷ್ಟ. ಪಿಎಚ್ 3ರಲ್ಲಿ ಕಿಣ್ವ ಕೆಲಸ ನಿಲ್ಲಿಸಿದೆ ಅನ್ನಿ. ಬರೀ ಆವೇಶ ಬದಲಾಯಿತೋ, ಪ್ರೋಟೀನಿನ ಮಡಿಕೆಯೇ ಬಿಚ್ಚಿಕೊಂಡಿತೋ? ನಕ್ಷೆ ಇದನ್ನು ಹೇಳುವುದಿಲ್ಲ. ಕಿಣ್ವವನ್ನು ಮಾತ್ರ ಆ ಬಫರ್‌ನಲ್ಲಿ ಇಟ್ಟು, ಒಂದು ಪಾಲನ್ನು 5 ನಿಮಿಷಕ್ಕೆ, ಇನ್ನೊಂದನ್ನು 30 ನಿಮಿಷಕ್ಕೆ ತೆಗೆದು, ಸಾಕಷ್ಟು ಬಫರ್ ಸೇರಿಸಿ 7ಕ್ಕೆ ತನ್ನಿ. ನಂತರ ಪಿಷ್ಟ ಹಾಕಿ, ಆಮ್ಲ ಕಾಣದ ಅಷ್ಟೇ ತೆಳುವಾದ ಕಿಣ್ವದ ಜೊತೆ ಹೋಲಿಸಿ. ಚುರುಕು ಮರಳಿದರೆ ಆವೇಶದ ಆಟ. ಮರಳದಿದ್ದರೆ ರಚನೆ ಕೆಟ್ಟಿದೆ. ಮೊದಲ ಪಾಲಿನಲ್ಲಿ ಮರಳಿ ಎರಡನೆಯದರಲ್ಲಿ ಮರಳದಿದ್ದರೆ, ಕೆಡಲು ಎಷ್ಟು ಹೊತ್ತು ಬೇಕೆಂಬ ಹೊಸ ಪ್ರಯೋಗ ಅಲ್ಲಿಂದಲೇ ಶುರು.