ಪುಸ್ತಕದ ಬೀರುವಿಗೆ ಒಂದು ಗುಂಡು ಬಲ್ಬು

ವಿಡಿಯೋ ಕತ್ತಲೆಯಾಗಿ ಕಂಡರೆ ಬೈಯಬೇಡಿ. ಮಧ್ಯಾಹ್ನ ಮೂರು ಗಂಟೆ ಅಷ್ಟೇ, ಕಕ್ಕಡ ತಿಂಗಳಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ನಮ್ಮ ಸುಂಟಿಕೊಪ್ಪದ ಬೆಳಕು ಇಷ್ಟೇ ಬರುವುದು. ಹಿಂದಿನ ಸದ್ದು ಶೀಟಿನ ಮೇಲಿನ ಮಳೆ, ಅದನ್ನು ತೆಗೆಯಲು ನನಗೆ ಬರುವುದಿಲ್ಲ.

ಬೆಂಗಳೂರಿನ ಗೆಳತಿಯರು ಹೇಳುತ್ತಾರೆ, ಕೊಡಗಲ್ಲಿ ಇದ್ದೀಯಾ, ಮಂಜು, ಮಳೆ, ಕಾಫಿ, ಬರೆಯೋಕೆ ಇನ್ನೇನು ಬೇಕು ಅಂತ. ಒಣಗಿದ ಕಾಗದ ಬೇಕು ಮಾರಾಯ್ತಿ! ಈ ನೋಟ್‌ಬುಕ್ ನೋಡಿ, ಇಂಕು ಹೇಗೆ ಹರಡಿದೆ. ಇದು ನಾಯಕಿಯ ಹೆಸರು, ಈಗ ಓದಲಾಗದು. ಹೋಗಲಿ, ಆ ಹೆಸರು ನನಗೂ ಇಷ್ಟ ಇರಲಿಲ್ಲ.

ಈಗ ಬೀರು. ಹತ್ತಿರದಿಂದ ತೋರಿಸುತ್ತೇನೆ, ಊಟ ಮಾಡುವವರು ನೋಡಬೇಡಿ. ಬೂಷ್ಟು. ನಮ್ಮ ಮನೆಯಲ್ಲಿ ಬಟ್ಟೆ ಬೀರುವಿನಲ್ಲಿ ಬಲ್ಬು ಉರಿಸಿಡುವ ರೂಢಿ ಇದೆ, ಬಿಸಿಗೆ ತೇವ ಹೋಗುತ್ತದೆ. ಪುಸ್ತಕಕ್ಕೂ ಒಂದು ಇಡೋಣ ಅಂತ ಮಡಿಕೇರಿಗೆ ಹೋದೆ. ಅಂಗಡಿ ಅಂಗಡಿ ತಿರುಗಿದರೂ 60 ವ್ಯಾಟಿನ ಗುಂಡು ಬಲ್ಬು ಇಲ್ಲ. ಎಲ್ಲರೂ ಎಲ್‌ಇಡಿ ಹಿಡಿದು ಬರುತ್ತಾರೆ. "ಅಕ್ಕಾ, ಇದು ತಗೊಳ್ಳಿ, ಕರೆಂಟು ಉಳಿಯುತ್ತದೆ." ಅಣ್ಣಾ, ನನಗೆ ಕರೆಂಟು ಉಳಿಯುವುದೇ ಬೇಡ, ಬಿಸಿ ಬೇಕು. ಹಳೇ ಬಲ್ಬಿನಲ್ಲಿ 90 ಪರ್ಸೆಂಟಿಗೂ ಜಾಸ್ತಿ ಕರೆಂಟು ಬಿಸಿಯಾಗಿಯೇ ಹೋಗುತ್ತದೆ, ಅದು ದಂಡ ಅಂತ ತಾನೇ ಅದನ್ನು ಬಿಟ್ಟಿದ್ದು, ನನಗೆ ಬೇಕಿರುವುದೂ ಆ ದಂಡವೇ. ಕೊನೆಗೆ ಒಬ್ಬರು ಧೂಳು ಒರೆಸುತ್ತಾ ಒಂದು ಕೊಟ್ಟರು. "ಕೋಳಿಮರಿಗಾ?" ಅಂದರು. ಪುಸ್ತಕಕ್ಕೆ ಅಂದೆ. ನನ್ನನ್ನೇ ನೋಡಿದರು, ಆಮೇಲೆ 60 ರೂಪಾಯಿ ಅಂದರು. ವ್ಯಾಟಿಗೊಂದು ರೂಪಾಯಿ! ಚೌಕಾಸಿ ಮಾಡಿದೆ, ಬಗ್ಗಲಿಲ್ಲ, ಬೇರೆ ಕಡೆ ಸಿಗುವುದಿಲ್ಲ ಅಂತ ಅವರಿಗೂ ಗೊತ್ತು. ಮನೆಗೆ ತಂದು ಕೆಳಗಿನ ಖಾನೆಯಲ್ಲಿ, ಪುಸ್ತಕಕ್ಕೆ ತಾಗದ ಹಾಗೆ ಹಾಕಿದೆ. ಹಾಕಿದ ಕೂಡಲೇ ಕರೆಂಟು ಹೋಯಿತು. ಇನ್ನೂ ಬಂದಿಲ್ಲ.

ಈ ನೇರಳೆ ಬಣ್ಣದ್ದು ಮದ್ದುಸೊಪ್ಪಿನ ಪಾಯಸ, ಆಗಸ್ಟ್ 3ಕ್ಕೆ ಇಲ್ಲಿ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಬೆಲ್ಲ ಕಡಿಮೆಯಾಗಿದೆ, ಅಮ್ಮನಿಗೆ ಹೇಳುವ ಧೈರ್ಯ ಇಲ್ಲ. ಎಲ್ಲಿದ್ದೆ?

ಹ್ಞಾಂ, ಬೂಷ್ಟು ಜಾಸ್ತಿ ಹಿಡಿದಿರುವುದು ಕೊಡಗಿನ ಗೌರಮ್ಮನವರ ಕಥೆಗಳಿಗೆ. ಇಲ್ಲೇ ಗುಂಡುಕುಟ್ಟಿಯ ತೋಟದಲ್ಲಿ ಇದ್ದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು ಕರೆಸಿಕೊಂಡವರು. 1939ರಲ್ಲಿ, 27ನೇ ವಯಸ್ಸಿಗೆ, ನೀರಿನಲ್ಲಿ ಮುಳುಗಿ ತೀರಿಕೊಂಡರು. ನನಗೆ ಈಗ 29. ಅವರ ಕಥೆ ಸೀದಾ ಹೆಂಗಸರ ಕಷ್ಟಕ್ಕೆ ಬರುತ್ತದೆ. ನನ್ನ ಕಥೆ ಮೂರು ಪುಟ ಮಂಜಿನಲ್ಲೇ ನಿಂತಿರುತ್ತದೆ. ಆ ಮೂರು ಪುಟ ಹರಿದೆ, ನೀವೂ ನೋಡಿದಿರಿ ಈಗ. ಒದ್ದೆ ಕಾಗದ ಸರಿಯಾಗಿ ಹರಿಯುವುದೂ ಇಲ್ಲ.

ಫೋನಿನಲ್ಲಿ ಟೈಪ್ ಮಾಡುವುದು ಬರವಣಿಗೆಯೇ ಅಲ್ಲ ಅಂತ ಹಿಂದೊಮ್ಮೆ ಜೋರಾಗಿ ಹೇಳಿದ್ದೆ ಅಲ್ವಾ? ವಾಪಸ್ ತಗೊಳ್ಳುತ್ತೇನೆ, ಮಳೆ ಮುಗಿಯುವವರೆಗೆ ಮಾತ್ರ. ಫೋನಿಗೆ ಬೂಷ್ಟು ಹಿಡಿಯುವುದಿಲ್ಲ, ಆದರೆ ಚಾರ್ಜು... 4 ಪರ್ಸೆಂಟ್ ಇದೆ, ಅಯ್ಯೋ. ನಿಮ್ಮ ಮನೆಯಲ್ಲಿ ಹಳೇ ಗುಂಡು ಬಲ್ಬು ಇದ್ದರೆ ಬಿಸಾಡಬೇಡಿ, ನನಗೆ ಹೇಳಿ, ನಾನೇ ಬಂದು